ಓದುಗರ ಪ್ರಶ್ನೆ, ತಜ್ಞರ ಉತ್ತರ: ಆಲ್ಪ್ಸ್‌ನಲ್ಲಿ ಸ್ಕಿ ಟೂರಿಂಗ್, ಯಾರಿಗೆ ಯಾವ ದಾರಿ?

ಜನವರಿ ಬಂತೆಂದರೆ ಜ್ಯೂರಿಕ್, ಮ್ಯೂನಿಕ್‌ಗಳಲ್ಲಿ ನೆಲೆಸಿರುವ ಕನ್ನಡಿಗರಿಂದ ಒಂದೇ ಬಗೆಯ ಪ್ರಶ್ನೆಗಳು ಬರತೊಡಗುತ್ತವೆ. ಸ್ಕಿಯ ಅಡಿಗೆ ಸ್ಕಿನ್ (ಹಿಂದಕ್ಕೆ ಜಾರದಂತೆ ಹಿಡಿಯುವ ಪಟ್ಟಿ) ಅಂಟಿಸಿ ಬೆಟ್ಟವನ್ನು ಸ್ವಂತ ಕಾಲಿನಲ್ಲಿ ಹತ್ತಿ, ಯಂತ್ರ ಹದಗೊಳಿಸದ ಹಿಮದ ಮೇಲೆ ಇಳಿಯುವುದೇ ಸ್ಕಿ ಟೂರಿಂಗ್ ಎಂಬುದನ್ನಾಗಲಿ, ಟ್ರಾನ್ಸೀವರ್ (ಹೂತವರನ್ನು ಹುಡುಕುವ ಸಂಕೇತ ಸಾಧನ), ಪ್ರೋಬ್ (ಹಿಮಕ್ಕೆ ಚುಚ್ಚಿ ಹುಡುಕುವ ಉದ್ದ ಕೋಲು), ಸಲಿಕೆ ಇಲ್ಲದೆ ಯಾರೂ ಹೊರಡಬಾರದು ಎಂಬುದನ್ನಾಗಲಿ ಇಲ್ಲಿ ಮತ್ತೆ ವಿವರಿಸುವುದಿಲ್ಲ.

ಪ್ರಶ್ನೆ: ಎರಡು ಚಳಿಗಾಲ ಸ್ಕೀಯಿಂಗ್ ಕಲಿತಿದ್ದೇನೆ, ಕೆಂಪು ಪಿಸ್ಟ್‌ಗಳಲ್ಲಿ (ಯಂತ್ರ ಹದಗೊಳಿಸಿದ, ಮಧ್ಯಮ ಕಷ್ಟದ ಸ್ಕಿ ದಾರಿಗಳಲ್ಲಿ) ಬೀಳದೆ ಇಳಿಯುತ್ತೇನೆ. ಕುಮಾರಪರ್ವತವನ್ನು ಹಲವು ಬಾರಿ ಹತ್ತಿದ್ದೇನೆ. ಬರುವ ಏಪ್ರಿಲ್‌ನಲ್ಲಿ ಫ್ರಾನ್ಸಿನ ಷಮೋನಿಯಿಂದ ಸ್ವಿಟ್ಜರ್ಲೆಂಡಿನ ಝೆರ್ಮಾಟ್‌ವರೆಗಿನ ಓಟ್ ರೂಟ್ ಎಂಬ ಸ್ಕಿ ದಾರಿಗೆ ಹೋಗಬಹುದೇ? ಇಲ್ಲವಾದರೆ ನನ್ನ ಮಟ್ಟಕ್ಕೆ ಸುರಕ್ಷಿತವಾದ ಸುಲಭ ದಾರಿ ಯಾವುದು?

ಉತ್ತರ: ಬರುವ ಏಪ್ರಿಲ್‌ನಲ್ಲಿ ಬೇಡ. ಸುಲಭ ಮತ್ತು ಸುರಕ್ಷಿತ ಎಂಬ ಎರಡನ್ನೂ ನೀವು ಒಂದೇ ಉಸಿರಿನಲ್ಲಿ ಕೇಳಿದ್ದೀರಿ. ಆ ಗಂಟನ್ನು ಬಿಡಿಸದೆ ದಾರಿಗಳ ಹೆಸರು ಹೇಳಲು ನನಗೆ ಮನಸ್ಸಿಲ್ಲ. ಸ್ವಿಸ್ ಆಲ್ಪೈನ್ ಕ್ಲಬ್ ಮಾರ್ಗಗಳಿಗೆ ದರ್ಜೆ ಕೊಡುವಾಗ ಮುಖ್ಯವಾಗಿ ಇಳಿಜಾರು ಎಷ್ಟು ಕಡಿದಾಗಿದೆ ಎಂಬುದನ್ನು ನೋಡುತ್ತದೆ: 30 ಡಿಗ್ರಿಯೊಳಗಿದ್ದರೆ ಸುಲಭ, 30 ದಾಟಿದರೆ ಸ್ವಲ್ಪ ಕಷ್ಟ, 35 ದಾಟಿದರೆ ಸಾಕಷ್ಟು ಕಷ್ಟ, 40 ದಾಟಿದರೆ ಕಷ್ಟ. ಇದು ನೆಲದ ಸ್ವಭಾವ. ಆ ದಿನದ ಹಿಮದ ಸ್ವಭಾವಕ್ಕೂ ಇದಕ್ಕೂ ಸಂಬಂಧವಿಲ್ಲ. ಹಿಮದ ವಿಷಯ ತಿಳಿಯಬೇಕಾದರೆ ದಾವೋಸ್‌ನ ಎಸ್‌ಎಲ್‌ಎಫ್ ಸಂಸ್ಥೆ ಚಳಿಗಾಲದಲ್ಲಿ ದಿನವೂ ಸಂಜೆ 5 ಗಂಟೆಗೆ ಪ್ರಕಟಿಸುವ ಹಿಮಕುಸಿತ ವರದಿಯನ್ನು ಓದಬೇಕು. ಅದರಲ್ಲಿ ಅಪಾಯಕ್ಕೆ 1ರಿಂದ 5ರವರೆಗಿನ ಹಂತಗಳಿವೆ. ಐದರಲ್ಲಿ ಮೂರು ಎಂದರೆ ಮಧ್ಯಮ ಎಂದು ಲೆಕ್ಕ ಹಾಕುವವರು ಇಂದಿಗೂ ಇದ್ದಾರೆ. ಹಂತದಿಂದ ಹಂತಕ್ಕೆ ಅಪಾಯ ಪಟ್ಟು ಪಟ್ಟಾಗಿ ಏರುತ್ತದೆ, ಮತ್ತು ಅತಿ ಹೆಚ್ಚು ಸಾವುಗಳು ಸಂಭವಿಸುವುದು ಈ 3ರಲ್ಲಿಯೇ. ಹಂತ 2ರಲ್ಲಿ 40 ಡಿಗ್ರಿಗಿಂತ, 3ರಲ್ಲಿ 35ಕ್ಕಿಂತ, 4ರಲ್ಲಿ 30ಕ್ಕಿಂತ ಕಡಿದಾದ ಇಳಿಜಾರಿಗೆ ಕಾಲಿಡಬಾರದು ಎಂಬುದು ಸ್ವಿಸ್ ಗೈಡ್ ವೆರ್ನರ್ ಮುಂಟರ್ ರೂಪಿಸಿದ ನಿಯಮ. ಹೊಸಬರು ಇದರಲ್ಲಿ ಇನ್ನೂ 5 ಡಿಗ್ರಿ ಕಳೆಯಬೇಕೆಂಬುದು ನನ್ನ ಹಟ. ಅಂಜುಬುರುಕ ಎನ್ನುವವರು ಎನ್ನಲಿ. ನೀವು ನಿಂತ ಜಾಗ ಸಮತಟ್ಟಾಗಿದ್ದರೂ ತಲೆಯ ಮೇಲಿನ ಇಳಿಜಾರು ಲೆಕ್ಕಕ್ಕೆ ಬರುತ್ತದೆ ಎಂಬುದನ್ನು ಸೇರಿಸಿಕೊಳ್ಳಿ. ಆಸ್ಟ್ರಿಯಾದ ಯಾಮ್‌ಟಾಲ್ ಹಟ್‌ನ (ಬೆಟ್ಟದ ಮೇಲಿನ ತಂಗುದಾಣದ) ಸುತ್ತ ಸೌಮ್ಯವಾದ ದಾರಿಗಳು ಬೇಕಾದಷ್ಟಿವೆ. 1999ರ ಡಿಸೆಂಬರ್‌ನಲ್ಲಿ, ಗೈಡ್‌ಗಳೊಂದಿಗೆ ಹೊರಟಿದ್ದ ತಂಡದ 9 ಮಂದಿ ಹಿಮಕುಸಿತದಲ್ಲಿ ಸತ್ತದ್ದು ಆ ಹಟ್‌ನ ಸಮೀಪದಲ್ಲಿಯೇ.

ಈಗ ಓಟ್ ರೂಟ್. ಇದು ಆರು ಅಥವಾ ಏಳು ದಿನಗಳ ದಾರಿ. 1911ರಲ್ಲಿ ಸ್ಕಿಯ ಮೇಲೆ ಮೊದಲು ಪೂರೈಸಿದಾಗಿನಿಂದಲೂ ಇದರ ಖ್ಯಾತಿ ಜನರನ್ನು ಸಿದ್ಧತೆಗೆ ಮುಂಚೆಯೇ ಸೆಳೆಯುತ್ತಿದೆ. ಮೊದಲಿಗೇ ಸಿಗುವ ಕೋಲ್ ದ್ಯು ಶಾರ್ದೊನೆ ಎಂಬ ಕಣಿವೆದಾರಿಯ ಆಚೆ ಬದಿ ಎಷ್ಟು ಕಡಿದಾಗಿದೆಯೆಂದರೆ ಹೆಚ್ಚಿನವರು ಹಗ್ಗ ಕಟ್ಟಿಕೊಂಡು ಇಳಿಯುತ್ತಾರೆ. ಮುಂದೆ ಗ್ರಾಂದ್ ದಿಕ್ಸಾಂಸ್ ಅಣೆಕಟ್ಟೆಯ ಜಲಾಶಯದ ಪಕ್ಕ ಅಡ್ಡಲಾಗಿ ಸಾಗುವ ದಾರಿ ನಕ್ಷೆಯಲ್ಲಿ ನಿರಪಾಯವಾಗಿ ಕಾಣುತ್ತದೆ. ಅದರ ಮೇಲ್ಗಡೆಯ ಇಳಿಜಾರಿಗೆ ಬಿಸಿಲು ಬಿದ್ದು ಹಿಮ ನೆನೆಯುವ ಮೊದಲೇ ದಾಟಿ ಮುಗಿಸಬೇಕು, ಅಂದರೆ ಕತ್ತಲಲ್ಲೇ ಹೊರಡಬೇಕು. ಕೊನೆಯ ದಿನ ವಿನ್ಯೆಟ್ ಹಟ್‌ನಿಂದ ಹೊರಟು ಮೂರು ಕಣಿವೆದಾರಿಗಳನ್ನು ಏರಿ ದಾಟಿ, 3,568 ಮೀಟರ್ ಎತ್ತರದ ಕೋಲ್ ದ ವಲ್ಪೆಲೀನ್‌ನಿಂದ ಬಿರುಕು ತುಂಬಿದ ಹಿಮನದಿಗಳ ಮೇಲೆ ಝೆರ್ಮಾಟ್‌ಗೆ ಇಳಿಯಬೇಕು. ಮಂಜು ಕವಿದರೆ ಇಲ್ಲಿ ಮುಂದಿರುವವನ ಬೆನ್ನೂ ಕಾಣುವುದಿಲ್ಲ. 2018ರ ಏಪ್ರಿಲ್ ಕೊನೆಯಲ್ಲಿ ಇದೇ ವಿನ್ಯೆಟ್ ಹಟ್‌ಗೆ ಸುಮಾರು ಅರ್ಧ ಕಿಲೋಮೀಟರ್ ದೂರದಲ್ಲಿ ಬಿರುಗಾಳಿಗೆ ಸಿಕ್ಕಿ ರಾತ್ರಿಯಿಡೀ ಬಯಲಲ್ಲಿ ಕಳೆದ 14 ಜನರಲ್ಲಿ 7 ಮಂದಿ ತೀರಿಕೊಂಡರು. ಅವರಲ್ಲಿ ಅನುಭವಿ ಗೈಡ್ ಕೂಡ ಒಬ್ಬರು.

ಗಿರಿಗದ್ದೆಯಿಂದ ಶೇಷಪರ್ವತದವರೆಗಿನ ಏರು ನಿಮ್ಮ ಕಾಲುಗಳನ್ನು ಗಟ್ಟಿಮಾಡಿರುವುದು ನಿಜ. ಏರುವ ಬಗ್ಗೆ ನನಗೆ ಚಿಂತೆಯಿಲ್ಲ. ಬೆನ್ನಿಗೆ ಹತ್ತು ಕಿಲೋ ಹೊತ್ತು ಸಾವಿರಕ್ಕೂ ಹೆಚ್ಚು ಮೀಟರ್ ಏರಿ, ತೊಡೆಗಳು ಸೋತ ಮೇಲೆ, ಒಡೆಯುವ ಹೊದಿಕೆಯ ಹಿಮದಲ್ಲಿ ತಿರುವು ತೆಗೆಯುವುದೇ ಇಲ್ಲಿನ ಪರೀಕ್ಷೆ. ಆ ಹಿಮ ಹಪ್ಪಳದಂತೆ ಮೇಲೆ ಗರಿಗರಿ, ಕೆಳಗೆ ಪೊಳ್ಳು. ತಿರುವಿನ ನಡುವೆ ಸ್ಕಿಯ ಮೂತಿ ಒಳಕ್ಕೆ ಹೂತು ಮೊಣಕಾಲು ತಿರುಚುತ್ತದೆ. ಕೆಂಪು ಪಿಸ್ಟ್ ಇದನ್ನು ಕಲಿಸುವುದಿಲ್ಲ.

ಆದ್ದರಿಂದ ಮೊದಲ ಚಳಿಗಾಲ ಪೂರ್ವ ಸ್ವಿಟ್ಜರ್ಲೆಂಡಿನ ಸಾಂಕ್ಟ್ ಆಂಟೋನಿಯೆನ್ ಅಥವಾ ಆಸ್ಟ್ರಿಯಾದ ಕಿಟ್ಸ್‌ಬ್ಯೂಲ್ ಬೆಟ್ಟಗಳಲ್ಲಿ, ಹಿಮನದಿಯಿಲ್ಲದ, ಒಂದೇ ದಿನದ ದಾರಿಗಳನ್ನು ಹಿಡಿಯಿರಿ. ಹಿಮಕುಸಿತದ ಒಂದು ತರಬೇತಿಯನ್ನೂ, ಮೊದಲ ಕಿಕ್ ಟರ್ನ್‌ನ (ಕಡಿದಾದ ಏರಿನಲ್ಲಿ ನಿಂತಲ್ಲೇ ಸ್ಕಿ ಎತ್ತಿ ದಿಕ್ಕು ಬದಲಿಸುವ ತಿರುವಿನ) ಅವಮಾನವನ್ನೂ ಅಲ್ಲಿಯೇ ಮುಗಿಸಿಕೊಳ್ಳಿ. ಮರುವರ್ಷ ಗೈಡ್‌ನೊಂದಿಗೆ ಸ್ವಿಸ್-ಆಸ್ಟ್ರಿಯಾ ಗಡಿಯ ಸಿಲ್ವ್ರೆಟ್ಟಾ ಬೆಟ್ಟಸಾಲಿನಲ್ಲಿ ಹಟ್‌ನಿಂದ ಹಟ್‌ಗೆ ಕೆಲವು ದಿನ ಸಾಗಿ, 3,312 ಮೀಟರಿನ ಪಿಟ್ಸ್ ಬುಯಿನ್ ಪ್ರಯತ್ನಿಸಬಹುದು. ಆಮೇಲೆ ಇಟಲಿಯ ಗ್ರಾನ್ ಪರಾದೀಸೊ: 2,735 ಮೀಟರಿನ ವಿತ್ತೋರಿಯೊ ಎಮಾನುಯೆಲೆ ಹಟ್‌ನಿಂದ 4,061 ಮೀಟರಿನ ಶಿಖರಕ್ಕೆ ಒಂದೇ ಬೆಳಿಗ್ಗೆ ಏರಿ, ಕೊನೆಯ ಬಂಡೆಗಳ ಕೆಳಗೆ ಸ್ಕಿ ಬಿಟ್ಟು ಹೋಗಬೇಕು. ಅಲ್ಲಿಂದ ಪೂರ್ತಿ ಇಳಿದ ಮೇಲೂ ಮರುದಿನ ಮತ್ತೆ ಹೊರಡುವ ಶಕ್ತಿ ಉಳಿದಿದ್ದರೆ ಓಟ್ ರೂಟ್ ವಿಷಯ ಮಾತಾಡೋಣ. ಬ್ರೈಟ್‌ಹಾರ್ನ್‌ನಂತೆ ಕೇಬಲ್ ಕಾರ್‌ನಿಂದ ಇಳಿದು ಕೆಲವೇ ಗಂಟೆಗಳಲ್ಲಿ ನಾಲ್ಕು ಸಾವಿರ ಮೀಟರ್ ಮುಟ್ಟುವ ಶಿಖರಗಳನ್ನು ಈ ಲೆಕ್ಕಕ್ಕೆ ಹಿಡಿಯಬೇಡಿ.

ಪ್ರಶ್ನೆ: ಮುಂದೆ ಹೋದವರ ಜಾಡು ಇದ್ದರೆ ಆ ಇಳಿಜಾರು ಗಟ್ಟಿಯಿದೆ ಎಂದರ್ಥವಲ್ಲವೇ?

ಉತ್ತರ: ಅಲ್ಲ. ಹಿಮದ ಪದರ ಎಲ್ಲೆಡೆ ಒಂದೇ ದಪ್ಪವಿರುವುದಿಲ್ಲ. ಒಂಬತ್ತು ಜನ ದಾಟಿದ ಮೇಲೆ ಹತ್ತನೆಯವನು ಎರಡು ಮೀಟರ್ ಪಕ್ಕಕ್ಕೆ ಸರಿದು, ದುರ್ಬಲ ಪದರ ಮೇಲ್ಮೈಗೆ ಹತ್ತಿರವಿರುವ ಕಡೆ ತೂಕ ಹಾಕಿದರೆ ಇಡೀ ಇಳಿಜಾರು ಕಳಚಬಹುದು.

ಪ್ರಶ್ನೆ: ಜೋರಾಗಿ ಕೂಗಿದರೆ ಹಿಮಕುಸಿತ ಆಗುತ್ತದೆಯೇ?

ಉತ್ತರ: ಇಲ್ಲ. ಸ್ಕಿ ಮಾಡುವವರನ್ನು ಹೂಳುವ ಹಿಮಕುಸಿತವನ್ನು ಬಹುತೇಕ ಅವರದೇ ತೂಕವೋ ಜೊತೆಗಾರರ ತೂಕವೋ ಕೆಡವಿರುತ್ತದೆ.

ಪ್ರಶ್ನೆ: ಏರ್‌ಬ್ಯಾಗ್ ಬೆನ್ನುಚೀಲ (ಹಿಮಕುಸಿತದಲ್ಲಿ ಉಬ್ಬಿ ಮೇಲೆ ತೇಲಿಸುವ ಚೀಲ) ಕೊಂಡರೆ ಹಂತ 3ರಲ್ಲೂ ಕಡಿದಾದ ಇಳಿಜಾರಿಗೆ ಹೋಗಬಹುದೇ?

ಉತ್ತರ: ಕೊಳ್ಳಿ, ಆದರೆ ಅದು ಮರಕ್ಕೋ ಬಂಡೆಗೋ ಬಡಿಯುವುದನ್ನು ತಡೆಯುವುದಿಲ್ಲ, ಅದರ ಭರವಸೆಯಲ್ಲಿ ಈ ಪ್ರಶ್ನೆ ಕೇಳುವವರು ಅದನ್ನು ಧರಿಸದಿರುವುದೇ ಮೇಲು ಎಂದು ಕೆಲವೊಮ್ಮೆ ಅನಿಸುತ್ತದೆ.

ಪ್ರಶ್ನೆ: ಚಳಿಗೆ ಒಂದು ಗುಟುಕು ಬ್ರಾಂಡಿ?

ಉತ್ತರ: ಹಟ್ ತಲುಪಿ, ಒಲೆಯ ಪಕ್ಕ ಕುಳಿತ ಮೇಲೆ. ದಾರಿಯಲ್ಲಿ ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಮೈಯ ಶಾಖವನ್ನು ಹೊರಗೆ ಚೆಲ್ಲುತ್ತದೆ.

ಪ್ರಶ್ನೆ: ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಬ್ಬರು ಗೈಡ್‌ನ ಅರ್ಧ ದರಕ್ಕೆ ಕರೆದೊಯ್ಯುತ್ತೇನೆ ಎನ್ನುತ್ತಾರೆ. ಹೋಗಬಹುದೇ?

ಉತ್ತರ: ಸ್ವಿಟ್ಜರ್ಲೆಂಡಿನಲ್ಲಿ ಹಣ ಪಡೆದು ಇಂಥ ದಾರಿಗಳಿಗೆ ಕರೆದೊಯ್ಯಲು ಪರವಾನಗಿ ಬೇಕೆಂಬ ಕಾನೂನು 2014ರಿಂದ ಜಾರಿಯಲ್ಲಿದೆ. ಆತನ ಅಂತರರಾಷ್ಟ್ರೀಯ ಗೈಡ್ ಬಿಲ್ಲೆಯನ್ನು ತೋರಿಸಲು ಹೇಳಿ. ಮಾತು ಬದಲಿಸಿದರೆ ಗುಂಪಿನಿಂದ ಹೊರಬನ್ನಿ. ವಿಡಿಯೊಗಳಲ್ಲಿ ಪುಡಿಹಿಮ ಹಾರಿಸುವ ಇಂಥವರಲ್ಲಿ ಹೂತವನನ್ನು ಹತ್ತು ನಿಮಿಷದೊಳಗೆ ಅಗೆದು ತೆಗೆಯಬಲ್ಲವರನ್ನು ನಾನು ಕಂಡಿಲ್ಲ.

ಪ್ರಶ್ನೆ: ಸ್ವಿಸ್ ಹೆಲಿಕಾಪ್ಟರ್ ರಕ್ಷಣಾ ಸಂಸ್ಥೆ ರೇಗಾದ ಸಂಖ್ಯೆ 1414 ಫೋನಿನಲ್ಲಿದ್ದರೆ ಸಾಕಲ್ಲವೇ?

ಉತ್ತರ: ಓಟ್ ರೂಟ್‌ನ ಸ್ವಿಸ್ ಭಾಗ ವಲೇ ಪ್ರಾಂತ್ಯದಲ್ಲಿದೆ, ಅಲ್ಲಿ ತುರ್ತು ಸಂಖ್ಯೆ 144ಕ್ಕೆ ಕರೆ ಮಾಡಬೇಕು.