28 ನಿಮಿಷದ ಮೊದಲ ಕಿರುಚಿತ್ರ ಎಲ್ಲೂ ಆಯ್ಕೆಯಾಗದಿದ್ದರೆ

ನಿಮ್ಮ 28 ನಿಮಿಷದ ಮೊದಲ ಕಿರುಚಿತ್ರ ಯಾವ ಚಿತ್ರೋತ್ಸವಕ್ಕೂ ಆಯ್ಕೆಯಾಗಲಿಲ್ಲ, ಈಗ ಸಾಲ ಮಾಡಿ ಫೀಚರ್ (ಪೂರ್ಣಾವಧಿ ಚಿತ್ರ) ಶುರು ಮಾಡಲಾ ಅಂತ ಕೇಳಿದ್ದೀರಿ. ಆಯ್ಕೆಯಾಗದಿರುವುದಕ್ಕೆ ಹೆಚ್ಚಾಗಿ ಉದ್ದವೇ ಕಾರಣ ಇರಬೇಕು. ಕಾನ್ ಚಿತ್ರೋತ್ಸವದ ಕಿರುಚಿತ್ರ ಸ್ಪರ್ಧೆಗೆ ಟೈಟಲ್‌ಗಳೂ ಸೇರಿ 15 ನಿಮಿಷವೇ ಮಿತಿ, ವೆನಿಸ್‌ನಲ್ಲಿ 20. ಮಿತಿ ಜಾಸ್ತಿ ಇರುವ ಕಡೆಯೂ ನಿಮ್ಮ ಒಂದು ಚಿತ್ರ ಎರಡು ಮೂರು ಸಣ್ಣ ಚಿತ್ರಗಳ ಜಾಗ ಹಿಡಿಯುತ್ತದೆ. ಹೊಸಬರಿಗೆ ಅಷ್ಟು ಜಾಗ ಸಿಗುವುದು ಕಷ್ಟ.

ಮೊದಲು ಯೂಟ್ಯೂಬ್‌ನಲ್ಲಿ ಹಾಕಿರುವುದನ್ನು ತೆಗೆಯಿರಿ. ಆನ್‌ಲೈನ್‌ನಲ್ಲಿ ಬಂದ ಚಿತ್ರವನ್ನು ಕೆಲವು ಉತ್ಸವಗಳು ತೆಗೆದುಕೊಳ್ಳುವುದಿಲ್ಲ. ಈಗಾಗಲೇ ಬಂದಿದ್ದು ಅಡ್ಡಿಯಾಗುತ್ತದಾ ಅಂತ ಶುಲ್ಕ ಕಟ್ಟುವ ಮೊದಲೇ ಮೇಲ್ ಮಾಡಿ ಕೇಳಿ.

ಆಮೇಲೆ ಎಡಿಟಿಂಗ್. ನೀವೇ ಬರೆದಿರುವಂತೆ ಎರಡು ನಿಮಿಷ ಟೈಟಲ್, ನಂತರ ನಿಮ್ಮ ನಾಯಕಿ ಮೆಟ್ಟಿಲು ಹತ್ತಿ, ಬೀಗ ತೆಗೆದು, ದೀಪ ಹಾಕಿ, ಕೊನೆಗೆ ಪತ್ರ ನೋಡುತ್ತಾಳೆ. ಪತ್ರ ಬಿಚ್ಚುವ ಕೈಯಿಂದಲೇ ಶುರು ಮಾಡಿ ನೋಡಿ! ಮೆಟ್ಟಿಲಿನ ಶಾಟ್‌ಗೆ ಎಷ್ಟು ಒದ್ದಾಡಿರುತ್ತೀರಿ ಅಂತ ಗೊತ್ತು. ಆದರೆ ನೋಡುವವರಿಗೆ ಆ ಕಷ್ಟ ಕಾಣುವುದಿಲ್ಲ, ಅಲ್ವಾ? ಟೈಟಲ್‌ಗಳನ್ನು ಕೊನೆಗೆ ಹಾಕಿ. 15ಕ್ಕೆ ಇಳಿಸಲು ಪ್ರಯತ್ನಿಸಿ, ಕಥೆ ಕೆಡುತ್ತಿದ್ದರೆ 20ಕ್ಕೆ ನಿಲ್ಲಿಸಿ.

ಹೊಸದಾಗಿ ಎಡಿಟ್ ಮಾಡಿದ ಚಿತ್ರವನ್ನು ಶೂಟಿಂಗ್‌ಗೆ ಬಂದಿರದ ಒಬ್ಬರಿಗೆ ತೋರಿಸಿ. ಅವರು ಎಲ್ಲಿ ಫೋನ್ ಕಡೆ ನೋಡಿದರು ಅಂತ ಸುಮ್ನೆ ಗುರುತು ಹಾಕಿಕೊಳ್ಳಿ, ಅಲ್ಲಿ ಮತ್ತೆ ಕತ್ತರಿಸಿ. ಸೌಂಡ್ ಬಗ್ಗೆ ಚಿತ್ರ ನೋಡದೆ ಹೇಳಲಾರೆ. ಹೆಡ್‌ಫೋನ್ ಹಾಕಿ ಕೇಳಿ. ಮಾತು ಸ್ಪಷ್ಟವಿಲ್ಲದಿದ್ದರೆ ಕೈಯಲ್ಲಿರುವ ಹಣ ಡಬ್ಬಿಂಗ್‌ಗೇ ಹೋಗಲಿ.

ಸಾಲ ಮಾಡಿ ಫೀಚರ್ ಶುರು ಮಾಡುವುದು ಈಗ ಬೇಡ. ಸ್ಕ್ರಿಪ್ಟ್ ಬರೆಯುತ್ತಿರಿ. ಫೀಚರ್ ಲ್ಯಾಬ್‌ಗಳಿಗೆ (ಫೀಚರ್ ಸ್ಕ್ರಿಪ್ಟ್ ಬೆಳೆಸಲು ನೆರವಾಗುವ ಕಾರ್ಯಾಗಾರಗಳಿಗೆ) ಅರ್ಜಿ ಹಾಕುವಾಗ ಹೊಸದಾಗಿ ಎಡಿಟ್ ಮಾಡಿದ ಈ ಕಿರುಚಿತ್ರವನ್ನೇ ಅದರ ಜೊತೆ ಕಳಿಸಿ.