ಮುಚ್ಚಿಟ್ಟ ಹಾಟ್ ಟಬ್: ಕೊಳವೆಯೊಳಗಿನ ಲೋಳೆಯನ್ನು ಮರೆಯಬೇಡಿ

ಪ್ರಶ್ನೆ: ಕಲಬುರಗಿಯಿಂದ ಆಳಂದದ ಕಡೆಗೆ ಹೋಗುವ ದಾರಿಯಲ್ಲಿರುವ ನಮ್ಮ ಹೊಲದ ಮನೆಯ ಅಂಗಳದಲ್ಲಿ, ಶಹಾಬಾದ್ ಕಲ್ಲಿನ ಕಟ್ಟೆಯ ಮೇಲೆ, ಸಾವಿರ ಲೀಟರಿನ ಹಾಟ್ ಟಬ್ (ಜೆಟ್ ಎಂಬ ರಂಧ್ರಗಳಿಂದ ಬಿಸಿನೀರು ಚಿಮ್ಮುವ ಸ್ನಾನದ ತೊಟ್ಟಿ) ಇದೆ. ಹದಿನಾಲ್ಕು ತಿಂಗಳಿಂದ ಬಳಸಿಲ್ಲ. ಮೊನ್ನೆ ಮುಚ್ಚಳ ತೆಗೆದಾಗ ತಳದಲ್ಲಿ ಗೇಣುದ್ದ ಹಸಿರು ನೀರು, ಬೇವಿನೆಲೆ, ಸೊಳ್ಳೆಮರಿ ಕಂಡವು. ಸ್ವಿಚ್ ಹಾಕಿದ ಕೂಡಲೇ ಕರೆಂಟ್ ಟ್ರಿಪ್ ಆಯಿತು. ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಮಗಳು, ಅಳಿಯ, ಮೂರು ಮತ್ತು ಒಂಬತ್ತು ವರ್ಷದ ಮೊಮ್ಮಕ್ಕಳು ಬರುತ್ತಾರೆ. ಉಬ್ಬಸವಿರುವ ನಮ್ಮ ಅತ್ತೆಯವರೂ ಮಂಡಿನೋವಿಗೆ ಬಿಸಿನೀರಿನಲ್ಲಿ ಕೂರಬೇಕೆನ್ನುತ್ತಾರೆ. ತೊಳೆದು, ಬೋರ್‌ವೆಲ್ ನೀರು ತುಂಬಿ, ಬ್ಲೀಚಿಂಗ್ ಪೌಡರ್ ಹಾಕಿದರೆ ಸಾಕೆ?
– ಓದುಗರೊಬ್ಬರು, ಕಲಬುರಗಿ

ಉತ್ತರ: ಸಾಲದು. ತಾವು ತೊಳೆಯಬಲ್ಲದ್ದು ಕಣ್ಣಿಗೆ ಕಾಣುವ ತೊಟ್ಟಿಯನ್ನು ಮಾತ್ರ. ಅಪಾಯವಿರುವುದು ಅದರ ಹಿಂದೆ ಸುತ್ತಿ ಬಳಸಿ ಹೋಗಿರುವ ಕೊಳವೆಗಳಲ್ಲಿ. ಟಬ್ ಖಾಲಿಯಾದರೂ ಅವುಗಳ ಬಾಗುಗಳಲ್ಲಿ ನೀರು ಉಳಿದು, ಒಳಗೋಡೆಗೆ ಲೋಳೆ ಕಟ್ಟಿರುತ್ತದೆ.

ಅದಕ್ಕೂ ಮೊದಲು ಕರೆಂಟಿನ ಮಾತು. ದಯವಿಟ್ಟು ಮತ್ತೆ ಸ್ವಿಚ್ ಹಾಕಿ ನೋಡಬೇಡಿ. ಮೇನ್ ಆಫ್ ಮಾಡಿಸಿ, ಬಲ್ಲ ಎಲೆಕ್ಟ್ರಿಷಿಯನ್ನರಿಂದ ಪಕ್ಕದ ಹಲಗೆ ಬಿಚ್ಚಿಸಿ. ಹೊಲದ ಮನೆಯಲ್ಲಿ ಇಷ್ಟು ದಿನ ಮುಚ್ಚಿಟ್ಟ ಪೆಟ್ಟಿಗೆಯೊಳಗೆ ಇಲಿಯ ಗೂಡು, ಚೇಳು, ಹಾವು ಏನೂ ಇರಬಹುದಾದ್ದರಿಂದ ಬರಿಗೈ ಹಾಕಬಾರದು. ಇಲಿ ಕಡಿದ ವೈರ್, ತೇವ ಹಿಡಿದ ಪಂಪ್, ಒಡೆದ ಹೀಟರ್ ಕಾಯಿಲ್, ಈ ಮೂರರಲ್ಲಿ ಯಾವುದರಿಂದಲೂ ಟ್ರಿಪ್ ಆಗಬಹುದು. ಅರ್ಥಿಂಗ್ ಸರಿಯಿದೆಯೇ, 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಟೆಸ್ಟ್ ಗುಂಡಿ ಒತ್ತಿದಾಗ ಬೀಳುತ್ತದೆಯೇ ಎಂದು ನೋಡಿಸಿ. ಟ್ರಿಪ್ ಆಗುತ್ತದೆಂದು ಅದನ್ನೇ ಬೈಪಾಸ್ ಮಾಡಿಕೊಡುವವರಿದ್ದಾರೆ. ಅಂಥವರನ್ನು ಹತ್ತಿರ ಸೇರಿಸಬೇಡಿ. ಒಣಗಿದ ವಾಷರ್‌ಗಳನ್ನೂ ಆಗಲೇ ಬದಲಿಸಿ.

ಆಮೇಲೆ ಹಸಿರು ನೀರನ್ನು ಮೊಗೆದು ಹಾಕಿ, ಹಳೆಯ ಫಿಲ್ಟರ್ ತೆಗೆದು ಎಸೆದು, ಜೆಟ್‌ಗಳು ಮುಳುಗುವವರೆಗೆ ನೀರು ತುಂಬಿ. ಗೇಣುದ್ದ ನೀರಿನಲ್ಲಿ ಪಂಪ್ ಓಡಿಸಿದರೆ ಅದು ಸುಡುತ್ತದೆ. ಕೊಳವೆ ತೊಳೆಯಲೆಂದೇ ಸಿಗುವ ದ್ರಾವಣ ಹಾಕಿ, ಅದರ ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಎಲ್ಲ ಜೆಟ್‌ಗಳನ್ನೂ ತೆರೆದು ಓಡಿಸಿದರೆ, ಕೆನೆ ಹರಿದಂತಹ ಕಂದು ಚೂರುಗಳು ಜೆಟ್ ಬಾಯಿಂದ ಕಿತ್ತು ಬರುತ್ತವೆ. ಕೊಳವೆಯ ಲೋಳೆಯೆಂದರೆ ಅದೇ. ಆ ನೀರನ್ನು ಚೆಲ್ಲಿ, ತೊಟ್ಟಿಯನ್ನು ಉಜ್ಜಿ ತೊಳೆದು, ಚೂರು ಬರುವುದು ನಿಲ್ಲುವವರೆಗೆ ಇದನ್ನೇ ಮತ್ತೆ ಮಾಡಬೇಕು. ಬಳಿಕ ಹೊಸ ನೀರಿಗೆ 10 ಪ್ರತಿಶತದ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣವನ್ನು ಸಾವಿರ ಲೀಟರಿಗೆ ಸುಮಾರು 500 ಮಿಲಿ ಲೀಟರಿನಂತೆ ಹಾಕಿದರೆ ಲೀಟರಿಗೆ 50 ಮಿಲಿಗ್ರಾಂ ಕ್ಲೋರಿನ್ ಆಗುತ್ತದೆ. ನೀರಿನ ಹುಳಿ-ಕ್ಷಾರದ ಅಳತೆಯಾದ ಪಿಎಚ್ ಅನ್ನು 7.6ರೊಳಗೆ ಇಟ್ಟು ಒಂದು ತಾಸು ಓಡಿಸಿ. ಆ ಹೊತ್ತಿನಲ್ಲಿ ಹತ್ತಿರ ಯಾರೂ ಇರಬಾರದು. ಕ್ಲೋರಿನ್ ಇಳಿಯುವವರೆಗೆ ಮುಚ್ಚಳ ತೆಗೆದು ಬಿಸಿಲಿಗೆ ಬಿಟ್ಟು, ಅನಂತರವೇ ಹೊರಗೆ ಹರಿಸಿ. ತೊಗರಿಯ ಸಾಲಿಗಾಗಲಿ ಬಾವಿಯ ಕಡೆಗಾಗಲಿ ಬಿಡಬೇಡಿ.

ಬ್ಲೀಚಿಂಗ್ ಪೌಡರ್ ಬೇಡವೆನ್ನಲು ಕಾರಣವಿದೆ. ಅದರಲ್ಲಿರುವುದು ಸುಣ್ಣ, ನಮ್ಮ ಭಾಗದ ಬೋರ್‌ವೆಲ್ ನೀರೂ ಬಹುಪಾಲು ಗಡಸು. ಗೀಸರ್ ಕಾಯಿಲ್ ಮೇಲೆ ಕೂರುವ ಬಿಳಿ ಪೊರೆಯನ್ನು ತಾವು ನೋಡಿಯೇ ಇರುತ್ತೀರಿ. ಟಬ್ಬಿನ ಹೀಟರ್ ಮೇಲೂ ಅದೇ ಕೂತು, ಕಾಯಿಲ್ ಕಾದು ಒಡೆಯುತ್ತದೆ. ಗಡಸು ತೆಗೆಯುವ ಸಾಫ್ಟನರ್ ಮೂಲಕ ಬಂದ ನೀರನ್ನು ಬೆರೆಸಿ ತುಂಬುವುದು ಮೇಲು. ಈಜುಕೊಳದ ಕ್ಲೋರಿನ್ ಮಾತ್ರೆಯನ್ನು ಬ್ಲೀಚಿಂಗ್ ಪೌಡರ್ ಜೊತೆ ಸೇರಿಸಿದರೆ ಬೆಂಕಿ ಹೊತ್ತಬಹುದು, ಸ್ಫೋಟವೂ ಆಗಬಹುದು. ಆಸಿಡ್ ಸೇರಿದರೆ ವಿಷಾನಿಲ ಏಳುತ್ತದೆ.

ಇಷ್ಟು ಒತ್ತಿ ಹೇಳುವುದು ಅತ್ತೆಯವರ ಉಬ್ಬಸದ ಕಾರಣಕ್ಕೆ. ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಚ್ಚಗಿನ ನೀರಿನ ಲೋಳೆಯಲ್ಲಿ ಬೆಳೆದು, ಜೆಟ್ ಎಬ್ಬಿಸುವ ಸಣ್ಣ ಹನಿಗಳ ಜೊತೆ ಉಸಿರಿನೊಳಗೆ ಹೋಗಿ ನ್ಯುಮೋನಿಯಾ ತರುತ್ತದೆ. 1999ರಲ್ಲಿ ನೆದರ್ಲೆಂಡ್ಸ್‌ನ ಬೋವೆನ್‌ಕಾರ್ಸ್ಪೆಲ್ ಊರಿನ ಹೂವಿನ ಪ್ರದರ್ಶನದಲ್ಲಿ ನೋಡಲೆಂದು ಇಟ್ಟಿದ್ದ ಇಂಥದೇ ತೊಟ್ಟಿಯ ಪಕ್ಕದಲ್ಲಿ ಸುಮ್ಮನೆ ಹಾದುಹೋದವರಿಗೂ ಅದು ತಗುಲಿ, ಕನಿಷ್ಠ 32 ಜನ ಸತ್ತರು. ಆದ್ದರಿಂದ ಅತ್ತೆಯವರು ವೈದ್ಯರನ್ನು ಕೇಳದೆ ಟಬ್ಬಿಗಿಳಿಯುವುದು ಬೇಡ, ಶುಚಿ ಮಾಡುವ ದಿನಗಳಲ್ಲಿ ಅಂಗಳದಲ್ಲಿ ಕೂರುವುದೂ ಬೇಡ. ಮಂಡಿಗೆ ಬಕೆಟ್ಟಿನ ಬಿಸಿನೀರಿನ ಶಾಖವೇ ಆದೀತು.

ಕೊನೆಗೆ ಹೊಸ ಫಿಲ್ಟರ್ ಹಾಕಿ, ಮತ್ತೆ ನೀರು ತುಂಬಿ, ಕ್ಲೋರಿನ್ ಲೀಟರಿಗೆ 3 ಮಿಲಿಗ್ರಾಂಗೆ ಕಡಿಮೆಯಾಗದಂತೆ, ಪಿಎಚ್ 7.2ರಿಂದ 7.8ರೊಳಗೆ ಇರುವಂತೆ ಟೆಸ್ಟ್ ಸ್ಟ್ರಿಪ್‌ನಿಂದ ನೋಡಿಕೊಳ್ಳಿ. ಒಂದೆರಡು ದಿನ ಯಾರೂ ಇಳಿಯದಿದ್ದರೂ ಕ್ಲೋರಿನ್ ಬೇಗ ಬೇಗ ಇಳಿಯುತ್ತಿದ್ದರೆ ಕೊಳವೆಯಲ್ಲಿ ಇನ್ನೂ ಲೋಳೆ ಇದೆಯೆಂದೇ ತಿಳಿದು ಮತ್ತೆ ತೊಳೆಯಿರಿ. ನೀರಿನ ಬಿಸಿ 40 ಡಿಗ್ರಿ ಸೆಲ್ಸಿಯಸ್ ದಾಟಬಾರದು. ಮೂರು ವರ್ಷದ ಮಗುವನ್ನು ಇಳಿಸಬೇಡಿ. ಐದು ತುಂಬದ ಮಕ್ಕಳಿಗೆ ಇದು ಸಲ್ಲ. ಒಂಬತ್ತರ ಮಗು ದೊಡ್ಡವರ ಜೊತೆ ಸ್ವಲ್ಪ ಹೊತ್ತು ಕೂರಬಹುದು. ಹಬ್ಬ ಮುಗಿದ ಎರಡು ವಾರದೊಳಗೆ ಯಾರಿಗಾದರೂ ಜ್ವರ, ಕೆಮ್ಮು ಬಂದರೆ, ಹಾಟ್ ಟಬ್ ಬಳಸಿದ್ದನ್ನು ವೈದ್ಯರಿಗೆ ತಾವಾಗಿಯೇ ಹೇಳಿ.