443ರ ಜಗಲಿಯಲ್ಲಿ ಎಷ್ಟು ಜನ?

ಪ್ರಶ್ನೆ: ಸಾರ್, ನಮ್ಮದು ಸಾಗರದಲ್ಲಿ ಅಡಿಕೆ ಮಂಡಿ. ಹಿಂದಿನ ರೂಮಿನಲ್ಲಿ ಒಂದು ಹಳೇ ಡೆಸ್ಕ್‌ಟಾಪ್‌ಗೆ ಲಿನಕ್ಸ್ ಹಾಕಿ ಸರ್ವರ್ ಮಾಡಿಕೊಂಡಿದ್ದೇನೆ. ಲೆಕ್ಕದ ವೆಬ್ ಪುಟ 443ನೇ ಪೋರ್ಟಿನಲ್ಲಿ ಓಡುತ್ತಿದೆ. ಊರು ಬಿಟ್ಟು ಹೋದಾಗ ದೂರದಿಂದಲೇ ಸರ್ವರ್ ನಡೆಸಲು ಎಸ್‌ಎಸ್‌ಎಚ್ ಮೂಲಕ ಒಳಗೆ ಬರಬೇಕು. ಆದರೆ ನಾನು ಉಳಿಯುವ ಲಾಡ್ಜಿನ ವೈಫೈನಲ್ಲಿ 80 ಮತ್ತು 443 ಬಿಟ್ಟರೆ ಬೇರೆ ಪೋರ್ಟ್ ಹೋಗುವುದೇ ಇಲ್ಲ. ಎಸ್‌ಎಸ್‌ಎಚ್ ಅನ್ನೂ 443ಕ್ಕೆ ಕೂರಿಸಲು ಹೋದರೆ ‘ಅಡ್ರೆಸ್ ಆಲ್ರೆಡಿ ಇನ್ ಯೂಸ್’ ಎನ್ನುತ್ತದೆ. ಒಂದು ಪೋರ್ಟಿಗೆ ಒಂದೇ ಸರ್ವಿಸ್ ಅಂತ ನಮ್ಮ ಭಾವ ಹೇಳುತ್ತಾರೆ. ಹೌದಾ?
– ಹೆಸರು ಬೇಡ, ಸಾಗರ

ಉತ್ತರ: ನಿಮ್ಮ ಭಾವ ಹೇಳಿದ್ದು ಅರ್ಧ ಸರಿ. ಭಾವಂದಿರು ಅಷ್ಟಾದರೂ ಸರಿ ಹೇಳಿದರೆ ದೊಡ್ಡದು, ಬಿಡಿ.

ಪೋರ್ಟ್ ಅಂದರೆ ಬಾಗಿಲು ಅಂದುಕೊಳ್ಳಿ. ಒಂದು ಬಾಗಿಲನ್ನು ಲಿನಕ್ಸ್ ಒಂದು ಪ್ರೋಗ್ರಾಮಿಗೆ ಮಾತ್ರ ಕೊಡುತ್ತದೆ. ಎರಡನೆಯದು ಬಂದು ಕೇಳಿದರೆ ನೀವು ನೋಡಿದ ಆ ಬೈಗುಳ. ಆದರೆ ಬಾಗಿಲಲ್ಲಿ ಕೂರುವವರು ಮನೆ ಯಜಮಾನರೇ ಆಗಬೇಕು ಅಂತ ಎಲ್ಲಿದೆ? ನಿಮ್ಮ ಕಡೆಯ ಮನೆಗಳಲ್ಲಿ ಜಗಲಿ ಮೇಲೆ ಅಜ್ಜ ಕೂತಿರುತ್ತಿದ್ದರು, ಅಲ್ವಾ? ಬಂದವರ ಮೊದಲ ಮಾತು ಕಿವಿಗೆ ಬಿದ್ದರೆ ಸಾಕು, ಯಾರನ್ನು ಅಂಗಳಕ್ಕೆ ಕಳಿಸಬೇಕು, ಯಾರನ್ನು ಒಳಗೆ ಕರೆಯಬೇಕು ಅಂತ ಅವರಿಗೆ ಗೊತ್ತಾಗುತ್ತಿತ್ತು. ನಿಮಗೆ ಬೇಕಿರುವುದು ಅಂಥ ಒಬ್ಬ ಅಜ್ಜ.

ಆ ಕೆಲಸಕ್ಕೆ ಎಸ್‌ಎಸ್‌ಎಲ್‌ಎಚ್ ಎಂಬ ಪುಟ್ಟ ಪ್ರೋಗ್ರಾಮ್ ಇದೆ. ಈವ್ ರುಟ್ಶ್ಲೆ ಎನ್ನುವವರು ಬರೆದದ್ದು. ಡೆಬಿಯನ್, ಉಬುಂಟು ಎರಡರಲ್ಲೂ ಸುಮ್ನೆ ಇನ್‌ಸ್ಟಾಲ್ ಮಾಡಿಕೊಳ್ಳಬಹುದು. ಅದು 443ರಲ್ಲಿ ಕೂತು, ಬಂದ ಕನೆಕ್ಷನ್ನಿನ ಮೊದಲ ಕೆಲವು ಬೈಟ್ ಮಾತ್ರ ನೋಡುತ್ತದೆ. ಬ್ರೌಸರ್ ಎಚ್‌ಟಿಟಿಪಿಎಸ್‌ಗೆ, ಅಂದರೆ ಗುಟ್ಟಾಗಿ ಸಾಗುವ ವೆಬ್ ಪುಟಕ್ಕೆ, ಬಂದಿದ್ದರೆ ಮೊದಲ ಬೈಟ್ 22, ಎರಡನೆಯದು 3. ಎಸ್‌ಎಸ್‌ಎಚ್ ಆದರೆ ತನ್ನ ಹೆಸರನ್ನೇ ಹೇಳಿಕೊಂಡು ಬರುತ್ತದೆ: ‘ಎಸ್‌ಎಸ್‌ಎಚ್-2.0’ ಎಂದು ಅಚ್ಚ ಅಕ್ಷರದಲ್ಲಿ. ಎಸ್‌ಎಸ್‌ಎಚ್‌ನ ಸ್ವಂತ ಪೋರ್ಟ್ ನಂಬರೂ 22. ಈ ಎರಡು 22ಕ್ಕೆ ಸಂಬಂಧ ಏನೂ ಇಲ್ಲ. ಫಿನ್ಲೆಂಡಿನ ತಾತು ಯ್ಲೊನೆನ್ 1995ರಲ್ಲಿ ಎಸ್‌ಎಸ್‌ಎಚ್ ಬರೆದಾಗ 21 ಕಡತ ಕಳಿಸುವ ಎಫ್‌ಟಿಪಿಯದು, 23 ದೂರದಿಂದ ಲಾಗಿನ್ ಆಗುವ ಟೆಲ್ನೆಟ್‌ನದು, ನಡುವೆ 22 ಖಾಲಿ ಇತ್ತು. ಪೋರ್ಟ್ ನಂಬರ್ ಹಂಚುವ ಐಎಎನ್‌ಎ ಸಂಸ್ಥೆಗೆ ಕೇಳಿ ಪತ್ರ ಬರೆದರು, ಮರುದಿನವೇ ಕೊಟ್ಟರು.

ಇಲ್ಲಿ ಒಂದು ತೊಡಕಿದೆ. ಕೆಲವು ಎಸ್‌ಎಸ್‌ಎಚ್ ಕ್ಲೈಂಟ್‌ಗಳು ಬಾಗಿಲಿಗೆ ಬಂದು ಸುಮ್ಮನೆ ನಿಲ್ಲುತ್ತವೆ, ಸರ್ವರ್ ಮೊದಲು ಮಾತಾಡಲಿ ಅಂತ. ಅಜ್ಜನೂ ಸುಮ್ಮನೆ, ಬಂದವನೂ ಸುಮ್ಮನೆ. ಅದಕ್ಕೇ ಎಸ್‌ಎಸ್‌ಎಲ್‌ಎಚ್ ಕೆಲವು ಸೆಕೆಂಡು ಕಾಯುತ್ತದೆ. ಆಮೇಲೂ ಮಾತಿಲ್ಲ ಎಂದರೆ ‘ಇವನು ಎಸ್‌ಎಸ್‌ಎಚ್‌ನವನೇ’ ಎಂದು ಒಳಗೆ ಕಳಿಸುತ್ತದೆ. ಲಾಗಿನ್ ಆಗುವಾಗ ಒಮ್ಮೊಮ್ಮೆ ಸ್ವಲ್ಪ ತಡವಾದರೆ ಸರ್ವರ್ ಕೆಟ್ಟಿದೆ ಅಂದುಕೊಳ್ಳಬೇಡಿ, ಅಜ್ಜ ಕಾಯುತ್ತಿದ್ದಾರೆ.

ಇನ್ನು ಕೂರಿಸುವ ಬಗೆ. ಬಾಗಿಲು ಅಂದರೆ ಬರೀ 443 ಅಲ್ಲ. ಐಪಿ ವಿಳಾಸ, ಡೇಟಾ ಸಾಗುವ ಬಗೆ ಟಿಸಿಪಿಯೋ ಯುಡಿಪಿಯೋ, ಪೋರ್ಟ್ ನಂಬರ್, ಈ ಮೂರೂ ಸೇರಿದರೆ ಒಂದು ಬಾಗಿಲು. ಹಾಗಾಗಿ ನಿಮ್ಮ ವೆಬ್ ಸರ್ವರ್ ಎಂಜಿನ್‌ಎಕ್ಸ್ ಆಗಿದ್ದರೆ, ಅದನ್ನು 127.0.0.1ರ 443ಕ್ಕೆ ಸರಿಸಿ. ಅದು ಒಳಕೋಣೆಯ ಬಾಗಿಲು, ಹೊರಗಿನವರಿಗೆ ಕಾಣಲ್ಲ. ಎಸ್‌ಎಸ್‌ಎಲ್‌ಎಚ್ ಅನ್ನು ಡೆಸ್ಕ್‌ಟಾಪಿನ ಲ್ಯಾನ್ (ಮಂಡಿಯೊಳಗಿನ ನೆಟ್‌ವರ್ಕ್) ವಿಳಾಸದ 443ರಲ್ಲಿ ಕೂರಿಸಿ. ವಿಳಾಸ 192.168.1.10 ಅಂತಿಟ್ಟುಕೊಳ್ಳಿ. ನಂಬರ್ ಒಂದೇ, ಬಾಗಿಲು ಬೇರೆ, ಜಗಳ ಇಲ್ಲ. ಆದರೆ ಆ ಲ್ಯಾನ್ ವಿಳಾಸವನ್ನು ಕಾಯಂ ಮಾಡಿಕೊಳ್ಳಿ. ಕರೆಂಟ್ ಹೋಗಿ ಬಂದಾಗ ರೂಟರ್ ವಿಳಾಸ ಕೊಡುವ ಮೊದಲೇ ಎಸ್‌ಎಸ್‌ಎಲ್‌ಎಚ್ ಎದ್ದರೆ, ಕೂರಲು ಜಾಗವಿಲ್ಲ ಎಂದು ಬಿದ್ದುಹೋಗುತ್ತದೆ. ಮಳೆಗಾಲದ ಸಾಗರದಲ್ಲಿ ಕರೆಂಟ್ ವಿಷಯ ನಾನು ಹೇಳಬೇಕಾ?

ಇದನ್ನೆಲ್ಲ ಮಂಡಿಯಲ್ಲೇ ಕೂತು ಮಾಡಿ, ಲಾಡ್ಜಿನಿಂದ ಅಲ್ಲ. ಅಜ್ಜನ ಮೂಲಕ ಒಳಗೆ ಬಂದು ಅಜ್ಜನನ್ನೇ ರೀಸ್ಟಾರ್ಟ್ ಮಾಡಿದರೆ ನಿಮ್ಮ ಕನೆಕ್ಷನ್ನೇ ಕಡಿಯುತ್ತದೆ. ಕಾನ್ಫಿಗ್‌ನಲ್ಲಿ ಒಂದು ಕಾಮಾ ತಪ್ಪಿದ್ದರೂ ಲೆಕ್ಕದ ಪುಟವೂ ಇಲ್ಲ, ಎಸ್‌ಎಸ್‌ಎಚ್ಚೂ ಇಲ್ಲ.

ನಾನು ಪೆಟ್ಟು ತಿಂದದ್ದು ಬೇರೆ ಕಡೆ. 2012ರಲ್ಲಿ ಒಂದು ಕಾಲೇಜಿನ ಸರ್ವರ್ ರೂಮ್ ನನ್ನ ಸುಪರ್ದಿಯಲ್ಲಿತ್ತು. ಹಾಸ್ಟೆಲಿನಿಂದ ಕೆಲಸ ಮಾಡಲು ಅನುಕೂಲ ಅಂತ ಇದೇ ಏರ್ಪಾಡು ಮಾಡಿದೆ. ಚೆನ್ನಾಗಿ ಓಡಿತು. ಒಂದು ತಿಂಗಳ ನಂತರ ಏನೋ ಹುಡುಕಲು ಲಾಗಿನ್ ಲಾಗ್ ತೆರೆದೆ. ತಪ್ಪು ಪಾಸ್‌ವರ್ಡ್, ತಪ್ಪು ಪಾಸ್‌ವರ್ಡ್, ಪುಟಗಟ್ಟಲೆ. ‘ರೂಟ್’, ‘ಅಡ್ಮಿನ್’, ‘ಟೆಸ್ಟ್’ ಎಂದು ಯಾರ್ಯಾರೋ ಬಾಗಿಲು ಬಡಿದಿದ್ದರು. ಎಲ್ಲರ ವಿಳಾಸವೂ ಒಂದೇ: 127.0.0.1. ಅಂದರೆ ಸ್ವತಃ ನಮ್ಮ ಸರ್ವರ್!

ಆಗಿದ್ದು ಇಷ್ಟೇ. ಕನೆಕ್ಷನ್ನನ್ನು ಒಳಗೆ ದಾಟಿಸುವುದು ಅಜ್ಜನೇ ಆದ್ದರಿಂದ ಎಸ್‌ಎಸ್‌ಎಚ್‌ಗೆ ಅಜ್ಜನ ಮುಖ ಮಾತ್ರ ಕಾಣುತ್ತದೆ, ಬಂದವನದ್ದಲ್ಲ. ಕಳ್ಳರನ್ನು ತಡೆಯಲು ಫೇಲ್‌ಟುಬ್ಯಾನ್ ಹಾಕಿದ್ದೆ. ಅದು ಪಾಪ ತಿಂಗಳಿಡೀ ನಿದ್ದೆ ಮಾಡಿತ್ತು, ಯಾಕಂದರೆ 127.0.0.1 ಮನೆಯವರು, ತಡೆಯಬೇಡ ಎಂದು ಅದರ ಪಟ್ಟಿಯಲ್ಲಿ ಮೊದಲೇ ಬರೆದಿರುತ್ತದೆ. ಯಾರೂ ಒಳಗೆ ಬಂದಿರಲಿಲ್ಲ. ಅದು ನನ್ನ ಜಾಣತನ ಅಲ್ಲ, ಅದೃಷ್ಟ.

ಎಸ್‌ಎಸ್‌ಎಲ್‌ಎಚ್‌ನಲ್ಲಿ ಟ್ರಾನ್ಸ್‌ಪರೆಂಟ್ ಮೋಡ್ ಅಂತ ಇದೆ, ಬಂದವನ ನಿಜವಾದ ವಿಳಾಸವನ್ನೇ ಒಳಗೆ ಕಾಣಿಸುತ್ತದೆ. ಅದಕ್ಕೆ ಐಪಿಟೇಬಲ್ಸ್, ರೂಟಿಂಗ್ ಎಲ್ಲ ಬರೆಯಬೇಕು, ಒಂದು ಭಾನುವಾರ ಪೂರ್ತಿ ಹೋಗುತ್ತದೆ. ನಿಮಗೆ ಅಷ್ಟು ಬೇಡ. ಎಸ್‌ಎಸ್‌ಎಚ್‌ನಲ್ಲಿ ಪಾಸ್‌ವರ್ಡ್ ಲಾಗಿನ್ ಪೂರ್ತಿ ಆಫ್ ಮಾಡಿ, ಕೀ (ನಿಮ್ಮ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳುವ ಗುಟ್ಟಿನ ಕಡತ) ಮಾತ್ರ ಇಡಿ. ಆಮೇಲೆ ಅವರು ಎಷ್ಟು ಬಡಿದರೂ ಬಡಿಯಲಿ. ಇದನ್ನು ಮಾಡದೆ ಮೇಲಿನ ಯಾವುದನ್ನೂ ಮಾಡಬೇಡಿ.

ಇನ್ನೊಂದು ಮಾತು. ಲಾಡ್ಜಿನ ವೈಫೈ ಪೋರ್ಟ್ ನಂಬರ್ ಮಾತ್ರ ನೋಡುತ್ತಿದ್ದರೆ ಇದು ನಡೆಯುತ್ತದೆ. ಮೊದಲ ಬೈಟ್ ನೋಡುವ ಫೈರ್‌ವಾಲ್ ಇದ್ದರೆ ಅದೂ ನಿಮ್ಮ ಅಜ್ಜನಷ್ಟೇ ಚುರುಕು, 443ರಲ್ಲಿ ಎಸ್‌ಎಸ್‌ಎಚ್ ಕಂಡ ಕೂಡಲೇ ಹಿಡಿಯುತ್ತದೆ. ಮತ್ತೆ, ಯಾರದ್ದಾದರೂ ಆಫೀಸಿನ ನೆಟ್‌ವರ್ಕಿನಿಂದ ಹೀಗೆ ಮಾಡುವುದಾದರೆ ಅಲ್ಲಿಯವರನ್ನು ಒಂದು ಮಾತು ಕೇಳಿಯೇ ಮಾಡಿ.

ಪ್ರಶ್ನೆ: ಒಂದೇ ಪೋರ್ಟಿನಲ್ಲಿ ಎಸ್‌ಎಸ್‌ಎಚ್, ಮೈಎಸ್‌ಕ್ಯೂಎಲ್ ಡೇಟಾಬೇಸ್, ಮೇಲ್ ಸರ್ವರ್ ಮೂರನ್ನೂ ಇಡಬಹುದೇ? ಪ್ರಾಜೆಕ್ಟಿಗೆ ಬೇಕಿತ್ತು.
– ಇಂಜಿನಿಯರಿಂಗ್ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಆಗಲ್ಲಮ್ಮ. ಮೇಲಿನ ಉತ್ತರ ಓದಿ ಬನ್ನಿ. ಬಂದವರು ಮೊದಲು ಮಾತಾಡಿದರೆ ಮಾತ್ರ ಅಜ್ಜನಿಗೆ ಗುರುತು ಸಿಗುವುದು. ಮೈಎಸ್‌ಕ್ಯೂಎಲ್‌ನಲ್ಲಿ ಮೊದಲ ಮಾತು ಸರ್ವರಿನದು. ಮೇಲ್ ಸರ್ವರ್ ಕೂಡ ‘220’ ಎಂದು ತಾನೇ ಸ್ವಾಗತಿಸುವವರೆಗೆ ಬಂದವನು ತುಟಿ ಬಿಚ್ಚಲ್ಲ. ಮೂವರು ಮೂಕರು ಬಾಗಿಲಿಗೆ ಬಂದರೆ ಯಾರು ಯಾರೆಂದು ಹೇಗೆ ಹೇಳುವುದು? ಒಂದು ಜಗಲಿಗೆ ಒಬ್ಬ ಮೂಕ ಮಾತ್ರ. ಆ ಜಾಗ ಎಸ್‌ಎಸ್‌ಎಚ್‌ಗೆ ಕೊಡಿ, ಮೈಎಸ್‌ಕ್ಯೂಎಲ್ ಅನ್ನು ಎಸ್‌ಎಸ್‌ಎಚ್ ಟನಲ್ (ಎಸ್‌ಎಸ್‌ಎಚ್ ಸಂಪರ್ಕದೊಳಗೇ ಹಾದುಹೋಗುವ ದಾರಿ) ಒಳಗೆ ತನ್ನಿ. ಮೇಲ್ ಅನ್ನು ಅದರ 25ರಲ್ಲೇ ಬಿಡಿ. ಬೇರೆ ಮೇಲ್ ಸರ್ವರ್‌ಗಳು ಹುಡುಕಿಕೊಂಡು ಬರುವುದು ಅಲ್ಲಿಗೇ.

ಪ್ರಾಜೆಕ್ಟ್ ವರದಿಯಲ್ಲಿ ಹಾಕಲು ಒಂದು ಹಳೇ ಕಥೆ ಕೊಡುತ್ತೇನೆ. 1988ರಲ್ಲಿ ಮಾರ್ಕ್ ಲಾಟರ್ ಎನ್ನುವವರು ಟಿಸಿಪಿಮಕ್ಸ್ ಎಂಬ ಪದ್ಧತಿ ಬರೆದರು, ಇಂಟರ್ನೆಟ್ ಪದ್ಧತಿಗಳ ದಾಖಲೆ ಸರಣಿಯಲ್ಲಿ ಅದು ಆರ್‌ಎಫ್‌ಸಿ 1078. ಎಲ್ಲರೂ ಪೋರ್ಟ್ 1ಕ್ಕೆ ಬನ್ನಿ, ಬೇಕಾದ ಸರ್ವಿಸಿನ ಹೆಸರನ್ನು ಒಂದು ಸಾಲಿನಲ್ಲಿ ಹೇಳಿ, ಇದ್ದರೆ ಪ್ಲಸ್, ಇಲ್ಲದಿದ್ದರೆ ಮೈನಸ್ ಚಿಹ್ನೆಯಿಂದ ಶುರುವಾಗುವ ಉತ್ತರ ಬರುತ್ತದೆ. ಊಹೆ ಇಲ್ಲ, ಕಾಯುವುದಿಲ್ಲ. ನನಗಂತೂ ಎಸ್‌ಎಸ್‌ಎಲ್‌ಎಚ್‌ಗಿಂತ ಇದೇ ಮರ್ಯಾದಸ್ಥ ದಾರಿ ಅನಿಸುತ್ತದೆ. ಆದರೆ ಅದಕ್ಕೆ ಬರುವವರೂ ಆ ಮಾತು ಕಲಿತಿರಬೇಕು, ಹೆಚ್ಚು ಜನ ಕಲಿಯಲಿಲ್ಲ.

ಪ್ರಶ್ನೆ: ಒಂದೇ ಸರ್ವರಿನಲ್ಲಿ ಎರಡು ವೆಬ್‌ಸೈಟ್ ಇಡಲು ಎರಡನೆಯದಕ್ಕೆ 8443 ಪೋರ್ಟ್ ಕೊಟ್ಟಿದ್ದೇನೆ. ವಿಳಾಸದ ಕೊನೆಗೆ ನಂಬರ್ ಹಾಕಲು ಗಿರಾಕಿಗಳು ಮರೆಯುತ್ತಾರೆ. ಏನು ಮಾಡಲಿ?
– ಫೋಟೊ ಸ್ಟುಡಿಯೊ ಮಾಲೀಕ, ಮಂಗಳೂರು

ಉತ್ತರ: ಆ 8443 ತೆಗೆದುಹಾಕಿ. ಇದಕ್ಕೆ ಅಜ್ಜನೂ ಬೇಡ, ವೆಬ್ ಸರ್ವರ್ ಒಂದೇ ಸಾಕು. ಎಚ್‌ಟಿಟಿಪಿಎಸ್ ಮಾತನ್ನು ಗುಟ್ಟಾಗಿಡುವ ಟಿಎಲ್‌ಎಸ್‌ನಲ್ಲಿ ಎಸ್‌ಎನ್‌ಐ ಎಂಬ ಏರ್ಪಾಡಿದೆ. ಬ್ರೌಸರ್ ಮೊದಲ ಮಾತಿನಲ್ಲೇ ಯಾವ ಸೈಟ್ ಬೇಕೆಂದು ಹೆಸರು ಹೇಳುತ್ತದೆ. ಎಂಜಿನ್‌ಎಕ್ಸ್‌ನಲ್ಲಿ ಎರಡು ಸರ್ವರ್ ಬ್ಲಾಕ್ ಬರೆಯಿರಿ, ಎರಡಕ್ಕೂ 443, ಹೆಸರು ಮಾತ್ರ ಬೇರೆ. ವಿಂಡೋಸ್ ಎಕ್ಸ್‌ಪಿಯ ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗೆ ಇದು ಬರುತ್ತಿರಲಿಲ್ಲ. ಇವತ್ತಿಗೂ ಅದರಲ್ಲಿ ಮದುವೆ ಆಲ್ಬಮ್ ನೋಡುವ ಗಿರಾಕಿ ಇದ್ದರೆ ನನಗೆ ಬರೆಯಿರಿ, ಅವರನ್ನು ನೋಡಬೇಕು.